ಆರ್‌ಎಕ್ಸ್ 100 ಡ್ರ್ಯಾಗ್‌ಗೆ: ಉದ್ದ ಸ್ವಿಂಗ್ ಆರ್ಮೋ, ಗಟ್ಟಿ ರಾಡೋ?

ಆಂಬಿ ವ್ಯಾಲಿಯ ಏರ್‌ಸ್ಟ್ರಿಪ್‌ನಲ್ಲಿ 402 ಮೀಟರ್ ಡ್ರ್ಯಾಗ್ (ನೇರ ದಾರಿಯ ವೇಗದ ಓಟ) ಓಡಿಸಲು ಯಮಹಾ ಆರ್‌ಎಕ್ಸ್ 100 ಬೈಕಿನ ಹಿಂಭಾಗಕ್ಕೆ ಏನು ಮಾಡಿಸಬೇಕು ಅಂತ ಪುಣೆಯ ಹುಡುಗರು ಕೇಳುತ್ತಲೇ ಇರುತ್ತಾರೆ. ಉದ್ದ ಆರ್ಮ್, ಗಟ್ಟಿ ರಾಡ್ ಎರಡನ್ನೂ ಹಾಕಿ ಓಡಿಸಿ ನೋಡಿದ ಮೇಲೆ ನನ್ನ ಉತ್ತರ ಒಂದೇ: ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮನ್ನು ಇರುವುದಕ್ಕಿಂತ 4 ಇಂಚು ಉದ್ದ ಮಾಡಿಸಿ, ಶಾಕ್ಸ್ ಬಿಚ್ಚಬೇಡಿ.

ಶಾಕ್ಸ್ ಬದಲು ಅದಕ್ಕಿಂತ 50 ಮಿ.ಮೀ. ಗಿಡ್ಡ ಇರುವ ಗಟ್ಟಿ ರಾಡ್ ಹಾಕುವುದು ಅಗ್ಗ. ಬೈಕು ತಗ್ಗುತ್ತದೆ, ಚೈನಿನ ಸಡಿಲ ಒಂದೇ ಸಮ ಇರುತ್ತದೆ. ಆದರೆ ಸಣ್ಣ ಉಬ್ಬು ಸಿಕ್ಕರೂ ಟೈರ್ ಪುಟಿಯುತ್ತದೆ, ಪುಟಿದ ಕೂಡಲೇ ಹಿಡಿತ ಹೋಗುತ್ತದೆ. ಪೆಟ್ಟೆಲ್ಲ ಶಾಕ್ಸಿನ ಮೇಲಿನ ಬೋಲ್ಟ್ ಕೂರುವ ಚಾಸಿ ಭಾಗಕ್ಕೇ. ಅಲ್ಲಿ ವೆಲ್ಡ್ ಬಿರುಕು ಬಿಡುತ್ತದೆ.

ಉದ್ದ ಆರ್ಮ್‌ನ ಲಾಭ ಲೆಕ್ಕದಲ್ಲೇ ಕಾಣುತ್ತದೆ. ಸವಾರನೂ ಸೇರಿ ಗುರುತ್ವ ಕೇಂದ್ರ ಹಿಂದಿನ ಚಕ್ರದ ಆಕ್ಸಲ್‌ನಿಂದ 600 ಮಿ.ಮೀ. ಮುಂದಿದ್ದದ್ದು 700 ಆದರೆ, ಮುಂದಿನ ಚಕ್ರ ಏಳುವ ಮುಂಚೆ ಸುಮಾರು ಆರನೇ ಒಂದು ಪಾಲು ಹೆಚ್ಚು ಎಳೆತ ಕೊಡಬಹುದು. ಶಾಕ್ಸ್ ಕೂರುವ ಜಾಗದ ಹಿಂದೆ ಕತ್ತರಿಸಿ, ಒಳಗೆ ಎರಡೂ ಕಡೆ 50 ಮಿ.ಮೀ. ಹೋಗುವಂತೆ ಬಿಗಿಯಾದ ಪೈಪ್ ತೂರಿಸಿ ವೆಲ್ಡ್ ಮಾಡಿಸಿ. ಪಿವಟ್‌ನಿಂದ (ಆರ್ಮ್ ಚಾಸಿಗೆ ಕೂರುವ ಬೋಲ್ಟಿನ ಜಾಗ) ಆಕ್ಸಲ್‌ಗೆ ಎಡ-ಬಲ ಅಳತೆ 1 ಮಿ.ಮೀ. ಮೀರಿ ಬೇರೆಯಾದರೆ ಬೈಕು ಒಂದು ಕಡೆಗೆ ಎಳೆಯುತ್ತದೆ. ಭೋಸರಿಯ ಲೇತ್ ಅಂಗಡಿಗಳಲ್ಲಿ ವಿಜಯಪುರ, ಕಲಬುರಗಿ ಕಡೆಯವರು ಸಿಗುತ್ತಾರೆ, ಅಳತೆ ಕನ್ನಡದಲ್ಲೇ ಹೇಳಬಹುದು.

428 ಅಳತೆಯ ಚೈನಿಗೆ (ಕೊಂಡಿಗೆ ಅರ್ಧ ಇಂಚು) 16 ಕೊಂಡಿ ಸೇರಿಸಬೇಕು, ಆರ್ಮ್ ಉದ್ದವಾದ ಇಂಚಿಗೆ 4ರಂತೆ. ಸ್ಪ್ರಿಂಗ್ ಮರೆಯಬೇಡಿ: ಪಿವಟ್‌ನಿಂದ ಆಕ್ಸಲ್‌ಗೆ 430 ಮಿ.ಮೀ. ಇದ್ದದ್ದು 530 ಆದರೆ ಚಕ್ರದ ಬಳಿ ಸ್ಪ್ರಿಂಗಿನ ಬಿಗಿ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಒಂದೂವರೆ ಪಟ್ಟು ಗಟ್ಟಿ ಸ್ಪ್ರಿಂಗ್ ಬೇಕು.

ನಿಜವಾದ ತಲೆನೋವು ಬ್ರೇಕಿನದು. ಡ್ರಮ್ಮಿನ ಪ್ಲೇಟು ಚಕ್ರದ ಜೊತೆ ತಿರುಗದಂತೆ ಸ್ವಿಂಗ್ ಆರ್ಮ್‌ಗೆ ಕಟ್ಟಿಹಾಕುವ ಟಾರ್ಕ್ ರಾಡ್ ಇದೆಯಲ್ಲ, ಆಕ್ಸಲ್ ಹಿಂದೆ ಹೋದಾಗ ಅದರ ಉದ್ದ ಸಾಲುವುದಿಲ್ಲ. ವೆಲ್ಡರ್ ಹಳೇ ರಾಡನ್ನೇ ಕತ್ತರಿಸಿ ನಡುವೆ ತುಂಡು ಸೇರಿಸಿ ಕೊಡುತ್ತಾನೆ. ನಿಂತ ಬೈಕಿನಲ್ಲಿ ಪೆಡಲ್ ಒತ್ತಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಗೆರೆ ದಾಟಿ ನೂರರ ವೇಗದಲ್ಲಿ ಒತ್ತಿದಾಗ ಬೆಸುಗೆ ಬಿಟ್ಟರೆ ಪ್ಲೇಟು ಗಿರಕಿ ಹೊಡೆದು, ಪೆಡಲ್‌ನಿಂದ ಬರುವ ಬ್ರೇಕ್ ರಾಡನ್ನು ಸುತ್ತಿಕೊಂಡು ಚಕ್ರ ಲಾಕ್ ಆಗುತ್ತದೆ.

ಅದಕ್ಕೇ ಜೋಡಣೆ ಬೇಡ. 25×6 ಮಿ.ಮೀ. ಉಕ್ಕಿನ ಪಟ್ಟಿಯಲ್ಲಿ ಒಂದೇ ತುಂಡಿನ ಹೊಸ ಟಾರ್ಕ್ ರಾಡ್ ಮಾಡಿಸಿ. ಪ್ಲೇಟಿನ ಕೆಳಬದಿಗೆ ಕಟ್ಟಿದರೆ ಬ್ರೇಕ್ ಹಾಕಿದಾಗ ಅದರ ಮೇಲೆ ಬೀಳುವುದು ಎಳೆತ. ಮೇಲ್ಬದಿಗೆ ಕಟ್ಟಿದರೆ ಒತ್ತಡ, ಆಗ ತೆಳು ಪಟ್ಟಿ ಬಾಗುತ್ತದೆ. ಮುಂದಿನ ತುದಿ ಸ್ವಿಂಗ್ ಆರ್ಮ್‌ಗೇ ಇರಲಿ, ಚಾಸಿಗೆ ಬೇಡ. ಎರಡೂ ಬೋಲ್ಟಿಗೆ ಸ್ಪ್ಲಿಟ್ ಪಿನ್ ಹಾಕಲೇಬೇಕು. ಬ್ರೇಕ್ ರಾಡೂ ಒಂದೇ ತುಂಡು ಇರಲಿ. ಬ್ರೇಕ್ ಹಿಡಿಯುವ ಹೊತ್ತಿಗೆ ಡ್ರಮ್ಮಿನ ಲಿವರ್‌ಗೂ ಅದಕ್ಕೂ 90 ಡಿಗ್ರಿ ಇರಬೇಕು.

ಕೈಯಲ್ಲಿ ದುಡ್ಡು ಕಡಿಮೆಯಿದ್ದರೂ ಗಟ್ಟಿ ರಾಡ್ ಬೇಡ ಅಂತಲೇ ನನ್ನ ಮಾತು. ಶಾಕ್ಸನ್ನು ಕೊನೆಯ ಮೆಟ್ಟಿಲಿಗೆ ತಿರುಗಿಸಿ, ಮುಂದಿನ ಫೋರ್ಕನ್ನು ಬೆಲ್ಟಿನಿಂದ ಕೆಳಗೆಳೆದು ಕಟ್ಟಿ ಓಡಿಸಿ.

ವಾರವಿಡೀ ಅದೇ ಬೈಕಿನಲ್ಲಿ ಚಿಂಚ್‌ವಾಡಕ್ಕೆ ಕೆಲಸಕ್ಕೆ ಹೋಗುವವರು ಎರಡು ಆರ್ಮ್ ಇಟ್ಟುಕೊಳ್ಳಿ, ರಸ್ತೆಗೆ ಒರಿಜಿನಲ್, ಓಟಕ್ಕೆ ಉದ್ದದ್ದು. ಆರ್‌ಸಿಯಲ್ಲಿ ವ್ಹೀಲ್‌ಬೇಸ್ (ಎರಡು ಚಕ್ರಗಳ ಆಕ್ಸಲ್ ನಡುವಿನ ದೂರ) ನಮೂದಾಗಿರುತ್ತದೆ, ಅದನ್ನು ಬದಲಿಸಿ ರಸ್ತೆಗಿಳಿಸಿದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಉದ್ದ ಆರ್ಮ್ ಹಾಕಿದ ಬೈಕು ಟೆಂಪೋದಲ್ಲೇ ಹೋಗಬೇಕು. 1996ಕ್ಕೇ ತಯಾರಿಕೆ ನಿಂತ ಬೈಕಿದು, ಅದರ ಒರಿಜಿನಲ್ ಆರ್ಮ್‌ಗೆ ಗರಗಸ ಇಡಬೇಡಿ. ಕತ್ತರಿಸಲು ಹಳೇದೊಂದನ್ನು ನಾನಾ ಪೇಠೆಯಲ್ಲೋ, ಬುಧವಾರ-ಭಾನುವಾರದ ಜುನಾ ಬಜಾರಿನಲ್ಲೋ ಹುಡುಕಿ. ಕೊಳ್ಳುವಾಗ ಪಿವಟ್ ಬುಷ್‌ನಲ್ಲಿ (ಪಿವಟ್ ಬೋಲ್ಟ್ ಕೂರುವ ಕೊಳವೆ) ಬೋಲ್ಟ್ ತೂರಿಸಿ ಅಲ್ಲಾಡಿಸಿ. ಕಟಕಟ ಅಂದರೆ ಬುಷ್ ಬದಲಿಸಿದ ಮೇಲೇ ವೆಲ್ಡಿಂಗ್‌ಗೆ ಕೊಡಿ, ಇಲ್ಲದಿದ್ದರೆ ಮೇಲೆ ಹೇಳಿದ 1 ಮಿ.ಮೀ. ಅಳತೆ ಕೂರುವುದೇ ಇಲ್ಲ.