ಅರವತ್ತು ದಾಟಿದವರಿಗೆ ರೈಲಾ, ಕೆಂಪು ಬಸ್ಸಾ?

ರೈಲಿನ ಸೀನಿಯರ್ ಸಿಟಿಜನ್ ಕಾರ್ಡ್ ಎಲ್ಲಿ ಮಾಡಿಸೋದು ಅಂತ ಆಗಾಗ ಯಾರಾದರೂ ಕೇಳುತ್ತಾರೆ. ಅಂಥ ಕಾರ್ಡೇ ಇಲ್ಲ. ಇಂಗ್ಲೆಂಡಿನಲ್ಲಿ ಉಂಟು. 60 ಆದವರು ದುಡ್ಡು ಕೊಟ್ಟು ರೈಲ್‌ಕಾರ್ಡ್ ಮಾಡಿಸಿಕೊಂಡರೆ ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಕಡಿಮೆ. ನಮ್ಮಲ್ಲಿ ವಯಸ್ಸು ಬರೆದರೆ ಸಾಕಿತ್ತು. 60 ಆದ ಗಂಡಸರಿಗೆ ಶೇ 40, 58 ಆದ ಹೆಂಗಸರಿಗೆ ಶೇ 50 ಬಿಡುತ್ತಿದ್ದರು. 2020ರ ಮಾರ್ಚ್ 20ರಿಂದ ಅದು ನಿಂತಿತು. ಕೊರೋನಾ ಹೋಯಿತು, ರಿಯಾಯಿತಿ ಮಾತ್ರ ವಾಪಸ್ ಬರಲಿಲ್ಲ. ಕೇಳಿದರೆ ಎಲ್ಲ ಪ್ರಯಾಣಿಕರಿಗೂ ಈಗಾಗಲೇ ಸಬ್ಸಿಡಿ ಕೊಡುತ್ತಿದ್ದೇವೆ ಅನ್ನುತ್ತಾರೆ. ಪ್ರಯಾಣದ ಖರ್ಚಿನಲ್ಲಿ ಶೇ 57 ಮಾತ್ರ ನಮ್ಮಿಂದ ವಸೂಲಾಗುತ್ತದೆ ಅಂತ ಟಿಕೆಟ್ ಮೇಲೇ ಅಚ್ಚು ಹಾಕಿರುತ್ತಾರಲ್ಲ, ಅದೇ.

ಕಾರ್ಡ್ ಇರುವುದು ಬಸ್ಸಿಗೆ. ಕರ್ನಾಟಕದವರಾಗಿ 60 ದಾಟಿದ್ದರೆ ಕೆಎಸ್‌ಆರ್‌ಟಿಸಿ ಕೆಂಪು ಬಸ್ಸಿನಲ್ಲಿ ಶೇ 25 ಕಡಿಮೆ. ಹಿರಿಯ ನಾಗರಿಕರ ಗುರುತಿನ ಚೀಟಿಯನ್ನು ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿ ಮಾಡಿಸಬೇಕು. ನಾನು ಗ್ರಾಮ ಒನ್‌ನಲ್ಲೇ ಮಾಡಿಸಿದೆ. ಆಧಾರ್, ಫೋಟೋ ಕೇಳ್ತಾರೆ ಅಂತ ಗೊತ್ತಿತ್ತು. ರಕ್ತದ ಗುಂಪಿನ ರಿಪೋರ್ಟೂ ಬೇಕು ಅಂದರು, ಅದಕ್ಕೆ ಲ್ಯಾಬಿಗೊಂದು ಓಡಾಟ. ಎಷ್ಟೋ ಕಂಡಕ್ಟರ್‌ಗಳು ಆಧಾರ್ ನೋಡಿಯೇ ಕೊಡುತ್ತಾರೆ. ಆದರೂ ಚೀಟಿ ಕಿಸೆಯಲ್ಲಿದ್ದರೆ ಮಾತು ಬೆಳೆಯುವುದಿಲ್ಲ. ಒಂದು ಸೂಚನೆ: ದುಡ್ಡು ಕೊಡುವ ಮೊದಲೇ ಚೀಟಿ ತೋರಿಸಿ. ಮೆಷಿನ್‌ನಿಂದ ಟಿಕೆಟ್ ಹೊರಗೆ ಬಂದ ಮೇಲೆ ‘ನಾನು ಸೀನಿಯರ್’ ಅಂದರೆ ಕಂಡಕ್ಟರ್ ಮುಖ ನೋಡಬೇಕು ನೀವು.

ನನ್ನ ಹೆಂಡತಿಗೆ ಈ ಚೀಟಿಯ ಹಂಗೇ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಆಧಾರ್ ತೋರಿಸಿದರೆ ಸೊನ್ನೆ ಟಿಕೆಟ್. ‘ನಿಮಗೆ ಕಾಲು ಭಾಗ, ನಮಗೆ ಪೂರ್ತಿ. ಕಾರ್ಡ್ ಮಾಡಿಸ್ಲಿಕ್ಕೆ ಎಷ್ಟು ಓಡಿದ್ರಿ ಮಾರಾಯ್ರೆ’ ಅಂತ ಈಗಲೂ ನಗುತ್ತಾಳೆ. ರಾಜಹಂಸ, ಐರಾವತದಲ್ಲಿ ಆ ಸೊನ್ನೆ ಇಲ್ಲ. ಮಂಗಳೂರಿನಿಂದ ಕಾಸರಗೋಡಿಗೆ ಹೋಗುವಾಗಲೂ ಇಲ್ಲ, ಗಡಿ ದಾಟುತ್ತದಲ್ವಾ.

ಈಗ ಉಡುಪಿಯಿಂದ ಬೆಂಗಳೂರಿನ ಲೆಕ್ಕ. ನಾನೊಬ್ಬನೇ ಹೋಗುವುದಾದರೆ ರೈಲೇ ಅಗ್ಗ. ಶೇ 25 ಕಳೆದ ಮೇಲೂ ಕೆಂಪು ಬಸ್ಸಿನ ಟಿಕೆಟ್ಟು ಸ್ಲೀಪರ್ ಟಿಕೆಟ್‌ಗಿಂತ ಜಾಸ್ತಿ ಬೀಳುತ್ತದೆ. ಗಂಡ ಹೆಂಡತಿ ಇಬ್ಬರೂ ಹೊರಟರೆ ಲೆಕ್ಕ ಉಲ್ಟಾ. ತಲೆಗೆ 100 ರೂಪಾಯಿ ಅಂತಿಟ್ಟುಕೊಂಡರೆ ಬಸ್ಸಿನಲ್ಲಿ ಇಬ್ಬರಿಗೂ ಸೇರಿ 75. ರೈಲಿನಲ್ಲಿ ಎರಡು ಪೂರ್ತಿ ಟಿಕೆಟ್.

ಹಾಗಿದ್ದೂ ನಾವು ಹತ್ತುವುದು ಪಂಚಗಂಗಾ ರೈಲನ್ನೇ. ಶಿರಾಡಿ ಘಾಟಿಯಲ್ಲಿ ರಾತ್ರಿಯಿಡೀ ಕುಳಿತುಕೊಂಡೇ ಹೋಗುವುದು ಮಂಡಿನೋವಿನವರಿಗೆ ಆಗುವ ಮಾತಲ್ಲ. ಮೂತ್ರಕ್ಕೆ ಹೋಗಬೇಕಾದರೆ ಬಸ್ಸು ಹೋಟೆಲ್ ಮುಂದೆ ನಿಲ್ಲುವವರೆಗೆ ಕಾಯಬೇಕು. ಈ ವಿಷಯ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ನಮ್ಮ ವಯಸ್ಸಿನವರು ಬಸ್ಸು ಬೇಡ ಅನ್ನುವುದು ಇದಕ್ಕೇ. ಖಾಸಗಿ ಸ್ಲೀಪರ್ ಬಸ್ಸೂ ನೋಡಿಯಾಯಿತು. ಮಲಗಲು ಜಾಗ ಉಂಟು, ಮೇಲಿನ ಬರ್ತ್ ಸಿಕ್ಕಿದರೆ ಹತ್ತಿ ಇಳಿಯುವುದೇ ಒಂದು ಸರ್ಕಸ್. ವಯಸ್ಸಿಗೆ ಅಂತ ಒಂದು ರೂಪಾಯಿಯನ್ನೂ ಬಿಡಲಿಲ್ಲ.

ರೈಲಿನಲ್ಲಿ ರಿಯಾಯಿತಿ ಹೋದರೂ ಕೆಳಗಿನ ಬರ್ತ್‌ನ ಕೋಟಾ ಉಳಿದಿದೆ. ನನ್ನ ಮಟ್ಟಿಗೆ ಅದು ಶೇ 25ಕ್ಕಿಂತ ದೊಡ್ಡದು. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಅದು ಸಿಗುತ್ತದೆ. ಒಂದು ಸ್ಲೀಪರ್ ಬೋಗಿಯಲ್ಲಿ ಆರೋ ಏಳೋ ಬರ್ತ್ ಮಾತ್ರ, ಗರ್ಭಿಣಿಯರಿಗೂ ಅದರಲ್ಲೇ ಪಾಲು. ಬುಕ್ ಮಾಡುವಾಗ ಟಿಕೆಟ್‌ನಲ್ಲಿ ಒಬ್ಬರು ಅಥವಾ ಇಬ್ಬರು ಮಾತ್ರ ಇರಬೇಕು, ಇಬ್ಬರಿಗೂ ಆ ವಯಸ್ಸು ಆಗಿರಬೇಕು. ಮಕ್ಕಳು ಪ್ರೀತಿಯಿಂದ ಅಪ್ಪ, ಅಮ್ಮ, ತಾವು, ಮೊಮ್ಮಗ ಎಲ್ಲರನ್ನೂ ಒಂದೇ ಟಿಕೆಟ್‌ನಲ್ಲಿ ತುಂಬುತ್ತಾರೆ. ಅಲ್ಲಿಗೆ ಕೋಟಾ ಕೈಬಿಟ್ಟಿತು. ಮತ್ತೆ ಅಪ್ಪ ಮೇಲಿನ ಬರ್ತ್ ನೋಡಿಕೊಂಡು ಟಿಟಿ ಹಿಂದೆ ಸುತ್ತಬೇಕು. ನಮ್ಮ ಮನೆಯಲ್ಲಿ ಈಗ ಎರಡು ಬೇರೆ ಬೇರೆ ಟಿಕೆಟ್, ಮುದುಕರದ್ದೊಂದು, ಉಳಿದವರದ್ದೊಂದು. ‘ಕೆಳಗಿನ ಬರ್ತ್ ಸಿಕ್ಕಿದರೆ ಮಾತ್ರ ಬುಕ್ ಮಾಡು’ ಅನ್ನುವ ಆಯ್ಕೆಯೂ ಉಂಟು, ಅದಕ್ಕೊಂದು ಟಿಕ್ ಹಾಕುತ್ತೇನೆ.

ರೈಲಿಗೂ ತೊಂದರೆ ಇಲ್ಲದಿಲ್ಲ. ವಾಪಸ್ ಬರುವಾಗ ಬೆಳಗಾಗುವ ಮೊದಲೇ ಇಂದ್ರಾಳಿಯಲ್ಲಿ, ಅಂದರೆ ಉಡುಪಿ ಸ್ಟೇಷನ್ನಿನಲ್ಲಿ, ಇಳಿಸಿಬಿಡುತ್ತದೆ. ಬಂಡಿ ನಿಲ್ಲುವುದು ಎರಡೇ ನಿಮಿಷ, ಬ್ಯಾಗ್ ಮೊದಲೇ ಬಾಗಿಲಿಗೆ ತಂದಿಟ್ಟಿರಬೇಕು. ಆ ಹೊತ್ತಿನಲ್ಲಿ ರಿಕ್ಷಾದವರು ಹೇಳಿದ್ದೇ ರೇಟು.

ಉಡುಪಿ–ಮಂಗಳೂರಿಗೆ ಈ ಯಾವ ಲೆಕ್ಕವೂ ಬೇಡ. ಖಾಸಗಿ ಎಕ್ಸ್‌ಪ್ರೆಸ್ ಬಸ್ಸು ಒಂದರ ಹಿಂದೊಂದು ಬರುತ್ತದೆ, ‘ಎದುರು ಹೋಗಿ, ಎದುರು’ ಅನ್ನುವುದರೊಳಗೆ ಪಡುಬಿದ್ರಿ ದಾಟಿರುತ್ತದೆ. ರಿಯಾಯಿತಿ ಇಲ್ಲ, ಪೂರ್ತಿ ದುಡ್ಡು ಕೊಟ್ಟು ಹೋಗುತ್ತೇನೆ. ಚೀಟಿ ಕೆಲಸಕ್ಕೆ ಬರುವುದು ಊರೊಳಗೆ ಓಡಾಡುವ ಕೆಎಸ್‌ಆರ್‌ಟಿಸಿಯ ನರ್ಮ್ ಸಿಟಿ ಬಸ್ಸಿನಲ್ಲಿ, ಆಮೇಲೆ ಧರ್ಮಸ್ಥಳ, ಸುಬ್ರಹ್ಮಣ್ಯದ ಕಡೆ ಹೊರಟಾಗ. ಹಗಲು ಪ್ರಯಾಣ, ನಡುನಡುವೆ ಇಳಿಯಲು ಸ್ಟ್ಯಾಂಡ್ ಉಂಟು. ಅಲ್ಲಿ ಕೆಂಪು ಬಸ್ಸೇ ಸರಿ. ಶನಿವಾರ, ಭಾನುವಾರ ಮಾತ್ರ ಬೇಡ. ಶಕ್ತಿ ಬಂದ ಮೇಲೆ ಆ ದಿನಗಳಲ್ಲಿ ನಿಲ್ಲಲಿಕ್ಕೂ ಜಾಗ ಇರುವುದಿಲ್ಲ. ಮಂಗಳವಾರವೋ ಬುಧವಾರವೋ ಬೆಳಗ್ಗೆ ಬೇಗ ಹೊರಟರೆ ಕಿಟಕಿ ಸೀಟು ಸಿಗುತ್ತದೆ.

ವಿಮಾನದಲ್ಲೂ ಸೀನಿಯರ್ ದರ ಅಂತ ಒಂದು ಉಂಟು. ಕಡಿತ ಮೂಲ ದರಕ್ಕೆ ಮಾತ್ರ, ಉಳಿದ ಶುಲ್ಕಗಳಿಗೆ ಇಲ್ಲ. ಬಜಪೆಯಿಂದ ಹೊರಡಲು ಸಾಮಾನ್ಯ ದರವನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಕೆಲವೊಮ್ಮೆ ಸಾಮಾನ್ಯ ದರವೇ ಕಡಿಮೆ ಇತ್ತು.

ಇನ್ನು ಬೆಂಗಳೂರಿಗೆ ಹೋಗುವವರು 60 ದಿನ ಮೊದಲು ಬುಕಿಂಗ್ ತೆರೆದ ಕೂಡಲೇ ಟಿಕೆಟ್ ಮಾಡಿಬಿಡಿ. ಮದುವೆ ಸೀಸನ್ ಬಂತೆಂದರೆ ಆ ಆರೇಳು ಬರ್ತ್ ಮೊದಲ ದಿನವೇ ಖಾಲಿ.