ಮೈಸೂರಲ್ಲಿ ಫೋನಿನಲ್ಲೇ ರೂಮ್ ಮಾತಾಡಿ ಅಡ್ವಾನ್ಸ್ ಹಾಕುವವರು, ಒಮ್ಮೆ ಇದನ್ನು ಓದಿ

ಸಿಟ್ಟು ಇನ್ನೂ ಇಳಿದಿಲ್ಲ, ಬರೆದಿದ್ದು ಹಿಂದೆಮುಂದೆ ಆಗಿದ್ದರೆ ಬೇಜಾರು ಮಾಡ್ಕೋಬೇಡಿ. ಮೈಸೂರು ಬಸ್ ಸ್ಟ್ಯಾಂಡ್ ಸುತ್ತಮುತ್ತ ಕಡಿಮೆ ದುಡ್ಡಿಗೆ ರೂಮ್ ಹುಡುಕುವವರು, ಅದರಲ್ಲೂ ಹೆಂಗಸರಷ್ಟೇ ಹೋಗುವವರು, ದಯವಿಟ್ಟು ಪೂರ್ತಿ ಓದಿ. 900 ರೂಪಾಯಿ ಅಂತ ಹೇಳಿದ ರೂಮಿಗೆ ನಮ್ಮಿಂದ 2,724 ರೂಪಾಯಿ ಕಿತ್ತುಕೊಂಡರು. ದುಡ್ಡು ಹೋಯ್ತು ಅನ್ನೋದು ಒಂದು ಕಡೆ, ನನ್ನ ಅಮ್ಮನ ಮುಂದೆ ಅವರು ಆಡಿದ ಮಾತು ಇನ್ನೊಂದು ಕಡೆ.

ನಾವು ತುಮಕೂರಿನವರು, ಕ್ಯಾತ್ಸಂದ್ರದ ಕಡೆ ಮನೆ. ನಾನು ಖಾಸಗಿ ಶಾಲೆಯಲ್ಲಿ ಕೆಲಸ ಮಾಡುತ್ತೇನೆ, ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಮೈಸೂರು ಅರಮನೆಗೆ ದೀಪ ಹತ್ತುವುದನ್ನು ಎದುರಿಗೆ ನಿಂತು ನೋಡಬೇಕು ಅನ್ನೋದು ಅಮ್ಮನ ತುಂಬಾ ಹಳೆಯ ಆಸೆ. ಅಪ್ಪ ಇದ್ದಾಗ ಆಗಲಿಲ್ಲ, ಆಮೇಲೆ ನನ್ನ ಓದು, ಸಾಲ, ಅದೂ ಇದೂ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚಂತೂ ಇಲ್ಲ, ಉಳಿಯೋದು ರೂಮು, ಊಟ, ಟಿಕೆಟ್ ಅಷ್ಟೇ ಅಂತ ಲೆಕ್ಕ ಹಾಕಿ ಭಾನುವಾರ ಹೋಗಿ ಸೋಮವಾರ ರಾತ್ರಿ ವಾಪಸ್ ಬರೋದು ಅಂದುಕೊಂಡೆವು. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ 7 ಗಂಟೆಗೆ ಅರಮನೆಗೆ ಪೂರ್ತಿ ದೀಪ ಹಾಕ್ತಾರೆ. ಝೂಗೆ ಮಂಗಳವಾರ ರಜೆ, ಹಾಗಾಗಿ ಅದು ಸೋಮವಾರಕ್ಕೆ. ಇಬ್ಬರಿಗೂ ಸೇರಿ 4,000 ರೂಪಾಯಿ ಎತ್ತಿಟ್ಟಿದ್ದೆವು. ಅದರಲ್ಲಿ ಅರ್ಧ ಅಮ್ಮ ರವಿಕೆ ಹೊಲಿದ ದುಡ್ಡು.

ರೂಮನ್ನು ಮೊಬೈಲ್ ಮ್ಯಾಪಲ್ಲಿ ಹುಡುಕಿದೆ. ಫೋಟೋ ಚೆನ್ನಾಗಿತ್ತು, ಬೆಳ್ಳಗಿನ ಹಾಸಿಗೆ, ಕಿಟಕಿ, ಅರಮನೆಗೆ ನಡೆದೇ ಹೋಗಬಹುದು ಅಂತ ಬರೆದಿತ್ತು. ಫೋನ್ ಮಾಡಿದರೆ ಎಷ್ಟು ಚೆನ್ನಾಗಿ ಮಾತಾಡಿದ ಗೊತ್ತಾ ಆ ಮನುಷ್ಯ. "ಆರಾಮಾಗಿ ಬನ್ನಿ ಅಕ್ಕ, ಅಮ್ಮನ್ನ ಕರ್ಕೊಂಡು ಬರ್ತಿದೀರಾ, ನಿಮ್ಮನೆ ಥರಾನೇ ಅನ್ಕೊಳ್ಳಿ, ಬೆಳಗ್ಗೆ ಬಿಸಿನೀರು ಇರುತ್ತೆ, ಏನೂ ಯೋಚನೆ ಮಾಡ್ಬೇಡಿ." ನಾನು ಬಾಯಿಮಾತಿಗೇ ಬಿಡಲಿಲ್ಲ, ವಾಟ್ಸಾಪಲ್ಲಿ ಬರೆದು ಕಳಿಸಿ ಅಂದೆ. ಕಳಿಸಿದ. "ಇಬ್ಬರಿಗೆ ರೂಮ್ ಇದೆ. ರೇಟ್ 900. ಅಡ್ವಾನ್ಸ್ 500 ಹಾಕಿ ಸ್ಕ್ರೀನ್‌ಶಾಟ್ ಕಳಿಸಿ." ಹಾಕಿದೆ, ಕಳಿಸಿದೆ. "ಕನ್ಫರ್ಮ್ ಅಕ್ಕ" ಅಂತ ಕೈ ಮುಗಿಯುವ ಚಿತ್ರದ ಜೊತೆ ಉತ್ತರ ಬಂತು. ಈ ಮೆಸೇಜನ್ನು ನೆನಪಿಟ್ಟುಕೊಳ್ಳಿ, ಎಲ್ಲಾ ಆಟ ಇದರಲ್ಲೇ ಇದೆ.

ಭಾನುವಾರ ಕುಣಿಗಲ್ ಮೇಲೆ ಹೋಗುವ ಬಸ್ಸು. ರಶ್ಶು ಹೇಳೋದೇ ಬೇಡ. ಅಮ್ಮನಿಗೆ ಮಂಡಿ ನೋವು ಬೇರೆ. ಮೈಸೂರಿನ ಸಬ್‌ಅರ್ಬನ್ ಬಸ್ ಸ್ಟ್ಯಾಂಡಲ್ಲಿ ಇಳಿದಾಗ ಆರು ಗಂಟೆ ಆಗ್ತಾ ಬಂದಿತ್ತು. ಲಾಡ್ಜ್ ಹುಡುಕಿ, ಮೆಟ್ಟಿಲು ಹತ್ತಿ ಕೌಂಟರ್ ಮುಂದೆ ನಿಂತ ತಕ್ಷಣ ಆ ಫೋನಿನವನು ಮೊದಲು ಕೇಳಿದ್ದು ಆಧಾರ್. ಇಬ್ಬರದೂ ಕೊಟ್ಟೆವು. ಜೆರಾಕ್ಸ್ ಮಾಡಿ ಕೊಡ್ತಾನೆ ಅಂದುಕೊಂಡರೆ ಎರಡನ್ನೂ ಡ್ರಾಯರ್ ಒಳಗೆ ಹಾಕಿಕೊಂಡ. ಆಮೇಲೆ ಬಾಯಿ ಬಿಟ್ಟ.

"1,800 ಆಗುತ್ತೆ ಮೇಡಂ, ಜಿಎಸ್‌ಟಿ ಬೇರೆ, ಡಿಪಾಸಿಟ್ ಸಾವಿರ."

ಫೋನಲ್ಲಿ ಅಕ್ಕ ಆಗಿದ್ದವಳು ಕೌಂಟರಲ್ಲಿ ಮೇಡಂ ಆದೆ. ಬೇರೆ ಯಾರದೋ ಬುಕಿಂಗ್ ನೋಡ್ತಿದ್ದಾನೆ ಅಂದುಕೊಂಡು ಮೆಸೇಜ್ ತೆಗೆದು ತೋರಿಸಿದೆ. ಓದಿದ. ನಿಧಾನವಾಗಿ ಓದಿದ. ಓದಿ ಹೇಳ್ತಾನೆ, "ಇಬ್ಬರಿಗೆ ರೂಮ್ ಇದೆ ಅಂತ ಹಾಕಿದೀನಿ. ಇಬ್ಬರಿಗೂ ಸೇರಿ 900 ಅಂತ ಎಲ್ಲಿ ಹಾಕಿದೀನಿ, ತೋರಿಸಿ ಮೇಡಂ. 900 ಅನ್ನೋದು ತಲೆಗೆ."

ತಲೆಗೆ! ಲಾಡ್ಜ್ ರೂಮಿಗೆ ತಲೆಗೆ ಇಷ್ಟು ಅಂತ ಯಾರಾದರೂ ಹೇಳ್ತಾರಾ? ಹಾಸ್ಟೆಲಲ್ಲಿ, ಡಾರ್ಮಿಟರಿಯಲ್ಲಿ ಹೇಳ್ತಾರೆ, ಒಪ್ಪೋಣ. ಇಬ್ಬರಿಗೆ ರೂಮ್, ರೇಟ್ 900 ಅಂದರೆ ರೂಮಿಗೆ 900 ಅಂತಲೇ ಅಲ್ವಾ ಯಾರಾದರೂ ತಿಳ್ಕೊಳ್ಳೋದು? ನಾನು ಅದನ್ನೇ ಕೇಳಿದೆ, ಜೋರಾಗೇ ಕೇಳಿದೆ. ಅವನ ದನಿ ಒಂಚೂರೂ ಏರಲಿಲ್ಲ. ಅದೇ ನನಗೆ ಇನ್ನೂ ಉರಿಯೋದು. ಎಷ್ಟೋ ಜನರಿಗೆ ಇದೇ ಮಾತು ಹೇಳಿ ಅಭ್ಯಾಸ ಆಗಿರೋ ಥರ, "ಬೇಡ ಅಂದ್ರೆ ಬಿಡಿ ಮೇಡಂ, ಅಡ್ವಾನ್ಸ್ ಮಾತ್ರ ವಾಪಸ್ ಬರಲ್ಲ. ಭಾನುವಾರ ಸಂಜೆ ಎಲ್ಲೂ ಖಾಲಿ ಸಿಗಲ್ಲ, ಟ್ರೈ ಮಾಡಿ ನೋಡಿ."

ನಾನು ಪೊಲೀಸಿಗೆ ಫೋನ್ ಮಾಡ್ತೀನಿ, 112ಕ್ಕೆ ಮಾಡ್ತೀನಿ ಅಂದೆ. "ಮಾಡಿ ಮೇಡಂ. ಅವರು ಬಂದು ಕೇಳಿ ಬರ್ಕೊಂಡು ಹೋಗೋ ಹೊತ್ತಿಗೆ ಅರಮನೆ ಲೈಟಿಂಗ್ ಮುಗಿದಿರುತ್ತೆ. ಅಮ್ಮ ಅದಕ್ಕೇ ಬಂದಿರೋದು ಅಂದ್ರಲ್ವಾ?" ನೋಡಿ, ಫೋನಲ್ಲಿ ಪ್ರೀತಿಯಿಂದ ಹಂಚಿಕೊಂಡ ವಿಷಯ. ಅಮ್ಮನಿಗೆ ದೀಪ ನೋಡೋ ಆಸೆ ಅಂತ ನಾನೇ ಹೇಳಿದ್ದೆ. ಅದನ್ನೇ ಹಿಡಿದು ನಮ್ಮ ಕುತ್ತಿಗೆಗೆ ಹಾಕಿದ.

ಅಷ್ಟರಲ್ಲಿ ಪಕ್ಕದ ಸೋಫಾದಲ್ಲಿ ಕೂತಿದ್ದ ಇನ್ನೊಬ್ಬ, ಓನರ್ ಕಡೆಯವನಂತೆ, "ಜೊತೆಗೆ ಗಂಡಸರು ಯಾರೂ ಬಂದಿಲ್ವಾ?" ಅಂದ. ಇಲ್ಲ ಅಂದೆ. ಅದಕ್ಕೆ ಅವನು, "ಬಸ್ ಫ್ರೀ ಅಲ್ವಾ ನಿಮಗೆ, ಅಲ್ಲಿ ಉಳಿದಿದ್ದು ಇಲ್ಲಿ ಕೊಡಿ ಬಿಡಿ" ಅಂದ. ರೂಮ್ ಬಾಯ್ ನಕ್ಕ. ಅಮ್ಮ ತಲೆ ಬಗ್ಗಿಸಿ ಪರ್ಸ್ ತೆಗೆದರು. "ಬಿಡು ಕಣೇ, ಕೊಟ್ಬಿಡೋಣ, ಹೊತ್ತಾಯ್ತು" ಅಂದರು. ಸರ್ಕಾರದ ಬಸ್ಸಲ್ಲಿ ಬಂದ ಹೆಂಗಸರಿಗೆ ಮರ್ಯಾದೆ ಇಲ್ವಾ? ಜೀವನಪೂರ್ತಿ ಮಿಷನ್ ತುಳಿದು ಸಂಸಾರ ತೂಗಿಸಿದ ಹೆಂಗಸಿಗೆ ಹೇಳೋ ಮಾತಾ ಅದು? ನನಗೆ ಆ ನಗು ಮರೆಯೋಕೆ ಆಗ್ತಿಲ್ಲ.

ಲೆಕ್ಕ ಹೇಳ್ತೀನಿ ಕೇಳಿ. 1,800 ರೂಮಿಗೆ. ಅದರ ಮೇಲೆ ಶೇ. 18 ಜಿಎಸ್‌ಟಿ ಅಂತ 324. ಅಡ್ವಾನ್ಸ್ 500 ಕಳೆದು 1,624, ಡಿಪಾಸಿಟ್ ಸಾವಿರ ಸೇರಿ ಅಲ್ಲೇ 2,624 ಎಣಿಸಿಕೊಂಡ. ಬಿಲ್ ಕೇಳಿದರೆ ಬಿಳಿ ಚೀಟಿಯಲ್ಲಿ ಪೆನ್ನಲ್ಲಿ ಗೀಚಿ ಕೊಟ್ಟ. ಜಿಎಸ್‌ಟಿ ನಂಬರ್ ಇಲ್ಲ, ಲಾಡ್ಜ್ ಸೀಲ್ ಕೂಡ ಇಲ್ಲ. ಊರಿಗೆ ಬಂದ ಮೇಲೆ ನಮ್ಮ ಶಾಲೆಯ ಅಕೌಂಟ್ಸ್ ನೋಡೋ ಮೇಡಂಗೆ ತೋರಿಸಿದೆ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 5 ಮಾತ್ರ ಅಂತೆ. ಅಂದರೆ ಅವನ ಲೆಕ್ಕದ 1,800ಕ್ಕೇ ಹಾಕಿದರೂ 90 ರೂಪಾಯಿ. ನೋಂದಣಿ ಮಾಡಿಸಿ ನಂಬರ್ ತಗೊಂಡಿಲ್ಲದವರು ಜಿಎಸ್‌ಟಿ ಅಂತ ಒಂದು ರೂಪಾಯಿ ಕೂಡ ವಸೂಲಿ ಮಾಡೋ ಹಾಗಿಲ್ಲ. ಆ ನಂಬರ್ 15 ಅಂಕಿ-ಅಕ್ಷರದ್ದು, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತೆ. ಬಿಲ್ಲಲ್ಲಿ ಅದಿಲ್ಲದೆ ಜಿಎಸ್‌ಟಿ ಅಂದರೆ ಕೊಡಬೇಡಿ.

ರೂಮ್ ಬಗ್ಗೆ ಏನು ಹೇಳಲಿ. ಫೋಟೋದಲ್ಲಿದ್ದ ಕಿಟಕಿ ಇರಲಿಲ್ಲ. ಅಷ್ಟು ಸಾಕು.

ಬ್ಯಾಗ್ ಎಸೆದು ಆಟೋ ಹಿಡಿದು ಓಡಿದೆವು. ದೀಪ ಆಗಲೇ ಹತ್ತಿತ್ತು. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತಿಕೊಳ್ಳೋ ಆ ಕ್ಷಣ ಇದೆಯಲ್ಲ, ಎಲ್ಲರೂ ಒಮ್ಮೆಲೇ ಓ ಅಂತ ಕೂಗ್ತಾರಂತೆ, ಅದು ನಮಗೆ ತಪ್ಪಿಹೋಯ್ತು. ಅಮ್ಮ ಅದನ್ನೇ ನೋಡೋಕೆ ಬಂದಿದ್ದು. ಅಷ್ಟು ಚೆಂದದ ಅರಮನೆ ಮುಂದೆ ನಿಂತು ಅಮ್ಮ ಕೇಳಿದ್ದು, "ಈಗ ಎಷ್ಟು ಉಳೀತು?" ರಾತ್ರಿ ಊಟಕ್ಕೆ ಇಬ್ಬರೂ ಇಡ್ಲಿ ತಿಂದೆವು. ಝೂ ಪ್ಲಾನ್ ಅಲ್ಲೇ ಕೈಬಿಟ್ಟೆವು.

ಇಲ್ಲಿಗೆ ಮುಗೀತು ಅಂದುಕೊಂಡಿದ್ದೆ. ಮುಗಿದಿರಲಿಲ್ಲ.

ಬೆಳಗ್ಗೆ ಬಿಸಿನೀರು ಕೇಳಿದರೆ ಬಕೆಟ್ಟಿಗೆ 50. ಇಬ್ಬರಿಗೆ ನೂರು. ಹೋಗಲಿ ಅಂತ ಸುಮ್ನಾದೆ. ಹೊರಡುವಾಗ ಅಮ್ಮ ಲಾಡ್ಜಿನ ಹೊದಿಕೆಯನ್ನೂ ಮಡಚಿಟ್ಟರು, ಅವರ ಅಭ್ಯಾಸ ಅದು. ಕೆಳಗೆ ಬಂದು ಡಿಪಾಸಿಟ್ ಕೇಳಿದರೆ ರೂಮ್ ಬಾಯ್‌ನ ಮೇಲೆ ಕಳಿಸಿದ. ಅವನು ಬೆಡ್‌ಶೀಟ್ ಹಿಡಿದುಕೊಂಡು ಬಂದ. ಮೂಲೆಯಲ್ಲಿ ಹಳದಿ ಕಲೆ. ಕೌಂಟರಿನವನು ಅದನ್ನು ಕೈಗೆ ತಗೊಂಡು ಹೇಳ್ತಾನೆ, "ನಿಮ್ಮ ಅಮ್ಮ ಮಂಡಿಗೆ ಎಣ್ಣೆ ಹಚ್ಚಿದಾರೆ, ಕಲೆ ಹೋಗಲ್ಲ, 500 ಕಟ್ ಆಗುತ್ತೆ." ಅಮ್ಮ ಮಂಡಿಗೆ ಹಚ್ಚೋದು ಮುಲಾಮು, ಬಣ್ಣ ಇಲ್ಲದ್ದು. ಆ ಕಲೆ ಒಗೆದು ಒಗೆದು ಮಾಸಿದ್ದು, ಹಳೇದು ಅಂತ ಯಾರು ನೋಡಿದರೂ ಗೊತ್ತಾಗುತ್ತೆ, ಬಟ್ಟೆ ಕೆಲಸ ಮಾಡೋ ನನ್ನ ಅಮ್ಮನಿಗೆ ಗೊತ್ತಾಗಲ್ವಾ? ಅಮ್ಮ ಅದನ್ನು ಮುಟ್ಟಿ ತೋರಿಸಿದರು, "ಇದು ನೀರು ಕಂಡಿರೋ ಕಲೆ ಕಣಪ್ಪ" ಅಂದರು. ಅದಕ್ಕೆ ಅವನ ಉತ್ತರ, "ನಾವು ದಿನಾ ಹೊಸ ಶೀಟ್ ಹಾಕ್ತೀವಿ ಅಮ್ಮ, ನಿಮ್ಮನೇಲಿ ಹೇಗೋ ಗೊತ್ತಿಲ್ಲ." ನಾಲ್ಕು ಜನ ಬೇರೆ ಗಿರಾಕಿಗಳು ನಿಂತಿದ್ದರು. ಎಲ್ಲರ ಮುಂದೆ ಆ ಬೆಡ್‌ಶೀಟ್ ಬಿಡಿಸಿ ಹಿಡಿದುಕೊಂಡಿದ್ದ. ಆಧಾರ್ ಇನ್ನೂ ಅವನ ಡ್ರಾಯರಲ್ಲೇ ಇತ್ತು, ಅದಿಲ್ಲದೆ ವಾಪಸ್ ಬಸ್ಸಲ್ಲಿ ಕಂಡಕ್ಟರ್‌ಗೆ ಏನು ತೋರಿಸೋದು? ಬಿಸಿನೀರಿನ ನೂರನ್ನೂ ಹಿಡಿದುಕೊಂಡು 400 ಕೈಗೆ ಕೊಟ್ಟ, ಆಧಾರ್ ಎಸೆದ ಹಾಗೆ ಕೌಂಟರ್ ಮೇಲೆ ಹಾಕಿದ.

ಝೂ ನೋಡಲಿಲ್ಲ, ಚಾಮುಂಡಿ ಬೆಟ್ಟಕ್ಕೆ ಹೋಗೋ ಮನಸ್ಸೂ ಅಮ್ಮನಿಗೆ ಇರಲಿಲ್ಲ. ದೇವರಾಜ ಮಾರ್ಕೆಟಲ್ಲಿ ಒಂದು ಮೊಳ ಮಲ್ಲಿಗೆ ತಗೊಂಡು ಮಧ್ಯಾಹ್ನದ ಬಸ್ಸಿಗೇ ಹತ್ತಿದೆವು.

ಈಗ ನಾನು ಹೇಳೋದು ಇಷ್ಟೇ. ಮೆಸೇಜಲ್ಲಿ "ಇಬ್ಬರಿಗೂ ಸೇರಿ, ತೆರಿಗೆ ಸೇರಿ, ಒಂದು ರಾತ್ರಿಗೆ ಒಟ್ಟು ಇಷ್ಟು" ಅಂತ ಅವರ ಕೈಯಲ್ಲೇ ಬರೆಸಿಕೊಳ್ಳಿ. ಡಿಪಾಸಿಟ್ ಇದೆಯಾ, ಬಿಸಿನೀರಿಗೆ ಬೇರೆ ದುಡ್ಡಾ, ಕೇಳಿ. ಆಧಾರ್ ಕಾರ್ಡನ್ನು ಕೈಬಿಡಬೇಡಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿ, ಅದರ ಪ್ರಿಂಟ್ ಕೊಡಿ. ರೂಮಿಗೆ ಹೋದ ತಕ್ಷಣ ಹಾಸಿಗೆ, ಬಾತ್‌ರೂಮ್ ಎಲ್ಲಾ ವಿಡಿಯೋ ಮಾಡಿ. ಮತ್ತೆ ನಿಮ್ಮ ಊರು, ನಿಮ್ಮ ಆಸೆ, ಯಾರು ಜೊತೆ ಬರ್ತಿದ್ದಾರೆ, ಇದನ್ನೆಲ್ಲಾ ರೂಮ್ ಕೊಡೋನ ಹತ್ತಿರ ಹೇಳಲೇಬೇಡಿ. ಅಕ್ಕ ಅಕ್ಕ ಅಂತ ಕರೆದರೂ ಸರಿ.

ನಾನು 1915ಕ್ಕೆ, ಅದೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ದೂರು ದಾಖಲಿಸಿದ್ದೇನೆ. ಕನ್ನಡದಲ್ಲೇ ಮಾತಾಡಿದರು. ಅಲ್ಲಿ ಆಗದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗ್ತೀನಿ. ಇಷ್ಟು ಸಣ್ಣ ಮೊತ್ತಕ್ಕೆ ಮೈಸೂರಿಗೆ ಯಾರು ಅಲೆಯುತ್ತಾರೆ ಅನ್ನೋದೇ ಇಂಥವರ ಧೈರ್ಯ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂದರೆ ತುಮಕೂರಿನಲ್ಲೇ. ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದವರೆಗೆ ಸಮಯ ಇದೆ. ಅವರೇ ಇಲ್ಲಿಗೆ ಬಂದು ಉತ್ತರ ಹೇಳಲಿ.

ಮ್ಯಾಪಲ್ಲಿ ನಾನು ಒಂದು ಸ್ಟಾರ್ ಕೊಟ್ಟು ಇದೆಲ್ಲಾ ಬರೆದ ಮೇಲೆ ಅವನದೇ ಮೆಸೇಜ್ ಬಂತು. ಮತ್ತೆ ಅಕ್ಕ ಆಗಿದ್ದೇನೆ. "ಅಕ್ಕ, ರಿವ್ಯೂ ತೆಗೀರಿ, 300 ವಾಪಸ್ ಹಾಕ್ತೀನಿ, ಅಮ್ಮಂಗೆ ಸಾರಿ ಹೇಳಿ." ಅಮ್ಮನಿಗೆ ಓದಿ ಹೇಳಿದೆ. "ಆ ಬೆಡ್‌ಶೀಟ್ ಹಿಡಿದು ಎಲ್ಲರ ಮುಂದೆ ಅಂದನಲ್ಲ, ಸಾರಿಯನ್ನೂ ಎಲ್ಲರ ಮುಂದೆ ಹೇಳಕ್ಕೆ ಹೇಳು" ಅಂದರು. ಅದನ್ನೇ ಹಾಗೇ ಟೈಪ್ ಮಾಡಿ ಕಳಿಸಿದೆ. ಓದಿದ್ದಾನೆ, ಉತ್ತರ ಇಲ್ಲ. ಅವನ ಆ ಮೆಸೇಜಿನ ಸ್ಕ್ರೀನ್‌ಶಾಟನ್ನೂ ದೂರಿನ ಜೊತೆ ಇಟ್ಟುಕೊಂಡಿದ್ದೇನೆ.