ಹಳೇ ಬಾರ್ ಉಳಿಯಲಿ ಅನ್ನೋಣವಾ, ಫ್ಲ್ಯಾಟ್ ಬರಲಿ ಅನ್ನೋಣವಾ?

ಮಡಿಕೇರಿಯ ಇಳಿಜಾರಿನಲ್ಲಿರುವ ನಮ್ಮ ಹಳೇ ಬಾರ್ ಕೆಡವಿ ಫ್ಲ್ಯಾಟ್ ಕಟ್ಟುವ ಮಾತು ಎದ್ದಿದೆ. ಆಕ್ಷೇಪಣೆಗೆ ಸಹಿ ಹಾಕಬೇಕಾ ಬೇಡವಾ ಅಂತ ಯೋಚಿಸುತ್ತಿದ್ದರೆ ಇದನ್ನು ಓದಿ.

ಬಾರ್ ಅಂದರೆ ಬರೀ ಕುಡಿತ ಅಲ್ಲ. ತೋಟದ ಕೆಲಸ ಮುಗಿಸಿ ಬಂದವರು ಕಾಫಿ ರೇಟು, ಆನೆ ಕಾಟದ ಬಗ್ಗೆ ಮಾತಾಡುವುದು ಅಲ್ಲೇ, ಕಾಚಂಪುಳಿ (ಕೊಡಗಿನ ಕಪ್ಪು ಹುಳಿ ರಸ) ಹಾಕಿದ ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು ತಿನ್ನುತ್ತಾ. ಆದರೆ ಪಕ್ಕದ ಮನೆಯ ಹೆಂಗಸರನ್ನು ಕೇಳಿ: ರಾತ್ರಿ ಗಲಾಟೆ, ಗೇಟಿಗೆ ಅಡ್ಡ ನಿಂತ ಜೀಪು. ಅವರ ಸಿಟ್ಟು ಸುಮ್ನೆ ಬಂದದ್ದಲ್ಲ.

ಫ್ಲ್ಯಾಟ್ ಬಂದರೆ ಬಾಡಿಗೆಗೆ ಮನೆ ಸಿಗುತ್ತದೆ ಅನ್ನುತ್ತಾರೆ. ನನಗೆ ಅನುಮಾನ. ಬೆಂಗಳೂರಿನವರು ಕೊಂಡು ಹೋಂಸ್ಟೇ ಮಾಡಿದರೆ ಇಲ್ಲಿನ ನರ್ಸ್, ಟೀಚರ್‌ಗಳಿಗೆ ಏನು ಸಿಕ್ಕಿತು?

ಅದಕ್ಕಿಂತ ದೊಡ್ಡ ವಿಷಯ ಮಣ್ಣು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದದ್ದನ್ನು ನೋಡಿದ್ದೇವೆ, ಅಲ್ವಾ? ಬಾರ್‌ನದು ಹೆಂಚಿನ ಒಂದೇ ಅಂತಸ್ತು. ಫ್ಲ್ಯಾಟಿಗೆ ಜೆಸಿಬಿ ತಂದು ಗುಡ್ಡದ ಬುಡ ಕೊರೆಯಬೇಕು. ಪ್ಲಾನಿನಲ್ಲಿ ಚರಂಡಿ, ತಡೆಗೋಡೆ ಇದೆಯಾ ಕೇಳಿ. ಜಾಗ 500 ಚದರ ಮೀಟರ್ ದಾಟಿ, 8ಕ್ಕಿಂತ ಜಾಸ್ತಿ ಮನೆಗಳಿದ್ದರೆ ರೇರಾ (ಫ್ಲ್ಯಾಟ್ ಕಟ್ಟಿ ಮಾರುವವರ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ) ನೋಂದಣಿಯೂ ಬೇಕು.

ಕೆಳಗೆ ಬಾರ್, ಮೇಲೆ ಒಂದೇ ಮಹಡಿಯಲ್ಲಿ ಮನೆ ಅಂದರೆ ನಾನು ಒಪ್ಪುತ್ತೇನೆ. ಗುಡ್ಡ ಕೊರೆಯುವ ಪ್ಲಾನಾದರೆ ಆಕ್ಷೇಪಣೆಗೆ ಸಹಿ ಹಾಕಿ.